ಜಾಡಿಗೆ ಸ್ನಾನ ಮಾಡಿಸಿದ ಗಾಮ್‌ಸಿಂಗ್

ಇನ್ನು ಮೇಲೆ ತನ್ನ ಹೊಟ್ಟೆಗೆ ತಾನೇ ಯಜಮಾನ ಎಂದು ಔ ಗಾಮ್‌ಸಿಂಗ್ ಘೋಷಿಸಿಬಿಟ್ಟ! ಮೂವತ್ತು ವರ್ಷ ಚೀನಾದ ಶಿನ್‌ಹುಯಿ ಊರಿನ ಗಲ್ಲಿಗಳಲ್ಲಿ ಬಸ್ಸು ಓಡಿಸಿದವನಿಗೆ ಗೇಣುದ್ದದ ಹೊಟ್ಟೆ ಯಾವ ಲೆಕ್ಕ? ಹೆಂಡತಿ ಸಾವ್‌ಲಾನ್ ತೀರಿಕೊಂಡು ವರ್ಷವಾಗಿತ್ತು. ಅಂದಿನಿಂದ ಉಂಡದ್ದು ಎದೆಯಲ್ಲೇ ನಿಲ್ಲುತ್ತಿತ್ತು. ಮಾತ್ರೆ ಬೇಡ, ಡಾಕ್ಟರೂ ಬೇಡ, ಹಿರಿಯರ ಪದ್ಧತಿಯೇ ಸಾಕೆಂದು ತೀರ್ಮಾನಿಸಿದ.

ಎದ್ದ ಕೂಡಲೇ ಬಿಸಿನೀರು. ಮುಕ್ಕಾಲು ಹೊಟ್ಟೆ ಅನ್ನದ ಗಂಜಿ. ಉಂಡ ಮೇಲೆ ಓಣಿಯಲ್ಲಿ ನೂರು ಹೆಜ್ಜೆ, ಅಂಗೈಯಿಂದ ಹೊಟ್ಟೆಯ ಮೇಲೆ ಮೂವತ್ತಾರು ಸುತ್ತು! ಪಾಪ, ಏನೋ ಕಳೆದುಕೊಂಡು ಹುಡುಕುತ್ತಿದ್ದಾನೆ ಎಂದು ನೆರೆಯವರು ಮರುಗಿದರು.

ಉಳಿದದ್ದು ಸಿಪ್ಪೆಯ ಕಷಾಯ. ಒಣಗಿಸಿದ ಕಿತ್ತಳೆ ಸಿಪ್ಪೆ ಹಳೆಯದಾದಷ್ಟೂ ಹೊಟ್ಟೆಗೆ ಒಳ್ಳೆಯದು. ಅಟ್ಟದ ಜಾಡಿಯಲ್ಲಿ ಇಪ್ಪತ್ತೇಳು ವರ್ಷದ್ದಿತ್ತು. ಮಗಳು ವಾಯ್‌ಯಿಂಗ್ ಹುಟ್ಟಿದ ವರ್ಷ ಸಾವ್‌ಲಾನ್ ಕೈಯಾರೆ ಸುಲಿದು, ಪ್ರತಿವರ್ಷ ಬಿಸಿಲಿಗೆ ಹರವಿ ಕಾಪಾಡಿದ್ದು. ಮದುವೆಯ ದಿನ ಬಳುವಳಿಯಾಗಿ ಮಗಳ ಜೊತೆ ಹೋಗಬೇಕಾದದ್ದು. ಒಂದೇ ಒಂದು ತೆಗೆದರೆ ಯಾರಿಗೆ ಗೊತ್ತಾದೀತು ಎಂದು ಗಾಮ್‌ಸಿಂಗ್ ಕೈ ಹಾಕಿದ. ಬೆರಳಿಗೆಲ್ಲ ಧೂಳು! ಪಾತ್ರೆಗೆ ಹಾಕುವ ಮುನ್ನ ಹೆಂಡತಿ ಸಿಪ್ಪೆ ತೊಳೆಯುತ್ತಿದ್ದುದನ್ನು ಅವನು ಕಣ್ಣಾರೆ ಕಂಡಿದ್ದ. ಅವಳಾದರೋ ಒಂದೊಂದೇ ತೊಳೆಯುತ್ತಿದ್ದಳು. ಈ ಮಹಾಶಯನ ಬುದ್ಧಿ ನೋಡಿ! ಇಡೀ ಜಾಡಿಯನ್ನು ಬಕೆಟ್ಟಿಗೆ ಸುರಿದು, ಬ್ರಷ್ಷಿನಿಂದ ತಿಕ್ಕಿ, ನೀರು ಬಸಿದು, ಮತ್ತೆ ತುಂಬಿ ಮುಚ್ಚಳ ಬಿಗಿದ. ಒಂದನ್ನು ಕುದಿಸಿ ಕುಡಿದದ್ದೂ ಆಯಿತು. ಹೊಟ್ಟೆ ಮಾತ್ರ ಇದ್ದಲ್ಲೇ ಇತ್ತು.

ಮದುವೆಗೆ ನಾಲ್ಕು ದಿನವಿರುವಾಗ ವಾಯ್‌ಯಿಂಗ್ ಜಾಡಿ ತೆರೆದಳು. ಒಳಗೆಲ್ಲ ಹಸಿರು ಬೂಷ್ಟು.

"ಅಪ್ಪಾ, ಇದಕ್ಕೆ ನೀರು ಮುಟ್ಟಿಸಿದ್ಯಾ?"

"ಮುಟ್ಟಿಸೋದೇನು, ಸ್ನಾನಾನೇ ಮಾಡಿಸ್ದೆ!"

"ಸಿಪ್ಪೆಗೇ ಹೆಸರಾದ ಈ ಊರಲ್ಲೇ ಹುಟ್ಟಿ, ಕೂಡಿಟ್ಟ ಸಿಪ್ಪೆಗೆ ನೀರು ಸೋಕಿಸ್ಬಾರ್ದು ಅಂತ ಗೊತ್ತಿಲ್ವಾ?"

"ನಿಮ್ಮಮ್ಮ ತೊಳೀತಿದ್ಲಲ್ಲೇ..."

"ಅಡುಗೆಗೆ ಹಾಕೋ ಚೂರನ್ನ, ಅಪ್ಪ! ಜಾಡೀನಲ್ಲ!"

ಗಾಮ್‌ಸಿಂಗ್ ಜಾಡಿಯನ್ನು ನೆಲಕ್ಕೆ ಸುರಿದು ಒಂದೊಂದನ್ನೇ ತಿರುವಿ ನೋಡಿದ. ಒಂದೂ ಉಳಿದಿರಲಿಲ್ಲ.

"ಪೇಟೆಯಿಂದ ತರ್ತೀನಿ. ಇದಕ್ಕಿಂತ ಹಳೇದು."

"ಅಮ್ಮ ಸುಲಿದದ್ದು ಸಿಗುತ್ತಾ?"

ಹೆಂಡತಿಯ ಮಣ್ಣಿನ ದಿನ ಎಲ್ಲರಿಗೂ ಸಮಾಧಾನ ಹೇಳುತ್ತ ಓಡಾಡಿದ್ದ ಗಾಮ್‌ಸಿಂಗ್, ಆ ಕೊಳೆತ ಸಿಪ್ಪೆಗಳ ನಡುವೆ ಕುಳಿತು ಬಿಕ್ಕಿ ಬಿಕ್ಕಿ ಅತ್ತ. ಸಾವ್‌ಲಾನಳನ್ನು ಎರಡನೇ ಸಲ ಕಳೆದುಕೊಂಡಂತಾಗಿತ್ತು, ಅದೂ ತನ್ನ ಕೈಯಿಂದಲೇ.

ವಾಯ್‌ಯಿಂಗ್ ಪಕ್ಕದಲ್ಲಿ ಕುಳಿತಳು. "ಅಮ್ಮ ಇದ್ದಿದ್ರೆ ಇವತ್ತು ನಿನ್ನ ಗ್ರಹಚಾರ ಬಿಡಿಸ್ತಿದ್ಲು."

"ಊಟಕ್ಕೆ ಕೂತ ಕೂಡಲೇ ಶುರು ಮಾಡ್ತಿದ್ಲು. ಬೈಸ್ಕೊಂಡು ತಿಂದಿದ್ದೆಲ್ಲ ಅರಗ್ತಿತ್ತು ಕಣೆ. ಈಗ ಮನೇಲಿ ಸದ್ದೇ ಇಲ್ಲ. ಗಂಟಲಲ್ಲಿ ಇಳಿಯಲ್ಲ."

ಮಗಳು ಕಣ್ಣೊರೆಸಿಕೊಂಡು ಎದ್ದಳು. ಬಟ್ಟಲಿಗೆ ಬಿಸಿ ಗಂಜಿ ಬಡಿಸಿ ಎದುರಿಗೆ ಕುಕ್ಕಿದಳು.

"ತಿನ್ನು! ಬಸ್ಸು ಓಡಿಸೋಕೆ ಬರುತ್ತೆ, ಒಂದು ಜಾಡಿ ನೋಡ್ಕೊಳ್ಳೋಕೆ ಬರಲ್ಲ! ನಿನ್ನ ಕಟ್ಕೊಂಡು ಅಮ್ಮ ಹೇಗೆ ಬಾಳಿದ್ಲೋ!" ಎನ್ನುವಷ್ಟರಲ್ಲಿ ಅವಳ ದನಿ ಒಡೆಯಿತು.

ಗಾಮ್‌ಸಿಂಗ್ ತಲೆ ತಗ್ಗಿಸಿ ಬಟ್ಟಲು ಖಾಲಿ ಮಾಡಿದ. ಮತ್ತೆ ಬಡಿಸೆಂದು ಮುಂದೆ ಚಾಚಿದ.

"ನಾಲ್ಕು ದಿನ ಆದ್ಮೇಲೆ ಏನು ಮಾಡ್ತೀಯಪ್ಪ?" ಎಂದಳು ವಾಯ್‌ಯಿಂಗ್. "ದಿನಾ ಫೋನ್ ಮಾಡ್ತೀನಿ."

"ಊಟದ ಹೊತ್ತಿಗೇ ಮಾಡಮ್ಮ. ಚೆನ್ನಾಗಿದ್ದೀಯಾ ಅಂತೆಲ್ಲ ಕೇಳ್ಬೇಡ. ಬೈಯಿ."