ಕನಕಾಂಬರಕ್ಕೆ ಮೇಲುಗೊಬ್ಬರ

ಹೆಂಡತಿ ತವರಿಗೆ ಹೋದರೆ ಗಂಡಸಿಗೆ ಸ್ವಾತಂತ್ರ್ಯ ಬರುತ್ತದೆ ಎಂದು ನಮ್ಮ ಇನ್ಶೂರೆನ್ಸ್ ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ಬಂದದ್ದು ನಿಜ. ಮೊದಲ ಎರಡು ದಿನ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದು ಅದನ್ನು ಅನುಭವಿಸಿದೆ. ಮೂರನೆಯ ದಿನ ನಾನೇ ಟವೆಲನ್ನು ಎತ್ತಿ ಹಗ್ಗಕ್ಕೆ ಹಾಕಿದೆ. ಬೈಯುವವರಿಲ್ಲದ ಮನೆಯಲ್ಲಿ ಟವೆಲು ಎಸೆದು ಏನು ಸುಖ?

ನನ್ನ ಅರ್ಧಾಂಗಿ ಅನಸೂಯ ತಂಗಿಯ ಬಾಣಂತನಕ್ಕೆಂದು ತುಮಕೂರಿಗೆ ಹೋಗಿ ಆರು ವಾರವಾಗಿತ್ತು. ಹೋಗುವಾಗ ಹೇಳಿದ್ದು "ಒಂದೇ ತಿಂಗಳು" ಎಂದು. ಮಾಂಬಲದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಉಳಿದದ್ದು ನಾನು, ಬಿಡದೆ ಸುರಿಯುವ ಮದರಾಸಿನ ಕಾರ್ತಿಕ ಮಾಸದ ಮಳೆ, ಮತ್ತು ಬಾವಿಯ ಪಕ್ಕದಲ್ಲಿ ಅವಳು ನೆಟ್ಟ ಎಂಟು ಕನಕಾಂಬರದ ಗಿಡ. ನಮಗೆ ಮಕ್ಕಳಿಲ್ಲ. ಹಾಗಾಗಿ ಮಕ್ಕಳಿಗೆ ಸಲ್ಲಬೇಕಾದ ಉಪಚಾರವೆಲ್ಲ ಆ ಎಂಟಕ್ಕೂ ಸಲ್ಲುತ್ತಿತ್ತು. (ಗಂಡನಿಗೆ ಸಲ್ಲಬೇಕಾದದ್ದು ಏನಾಯಿತೆಂದು ದಯವಿಟ್ಟು ಕೇಳಬೇಡಿ.)

ವಾರಕ್ಕೊಂದು ಕಾರ್ಡು ಬರುತ್ತಿತ್ತು. ಸ್ಯಾಂಪಲ್ಲಿಗೆ ಒಂದು: "ಮಳೆಗೆ ಮಣ್ಣಿನ ಸಾರ ಇಳಿದುಹೋಗಿರುತ್ತದೆ. ಗುಂಡಿಯ ಕಾಂಪೋಸ್ಟು ತೆಗೆದು ಪಾತಿಗೆ ಎರಡು ಬೆರಳು ದಪ್ಪ ಮೇಲುಗೊಬ್ಬರ ಕೊಡಿ. ಬುಡಕ್ಕೆ ತಾಗಿಸಬೇಡಿ, ಕೊಳೆಯುತ್ತದೆ. ನೀರಿಗೆ ಕೊಚ್ಚಿಹೋಗದಂತೆ ಮೇಲೆ ಸೊಪ್ಪು ಹಾಕಿ. ನೀವು ಕ್ಷೇಮವೆಂದು ನಂಬಿದ್ದೇನೆ." ಗಿಡಕ್ಕೆ ನಾಲ್ಕು ವಾಕ್ಯ, ನನಗೆ ಒಂದು, ಅದೂ ಬರೀ ನಂಬಿಕೆಯ ಮೇಲೆ.

ಪತ್ನಿಯ ಆಜ್ಞೆ ಶಿರಸಾವಹಿಸಿ ಭಾನುವಾರ ಕೊಡೆ ಹಿಡಿದುಕೊಂಡೇ ಗೊಬ್ಬರ ಹರಡಿದೆ. ಸೋಮವಾರ ಆಫೀಸಿಗೆ ಹೊರಟಾಗ ಸೊಪ್ಪಿನ ನೆನಪಾಗಿ, ಗೇಟಿನಲ್ಲೇ ನಿಂತು ಕೆಲಸದ ನಾಗಮಣಿಗೆ ನನ್ನ ತಮಿಳಿನಲ್ಲಿ ಅಪ್ಪಣೆ ಕೊಡಿಸಿದೆ.

"ನಾಗಮಣಿ, ಅಂದ ಗೊಬ್ಬರ ಮೇಲೆ ಸೊಪ್ಪು ಪೋಡು."

"ಸೋಪ್ಪಾ ಸಾರ್? ಶೆಡಿಕ್ಕಾ?" ಗಿಡಕ್ಕೇ ಎಂದು ಅವಳು ಕಣ್ಣರಳಿಸಿದಳು.

"ಆಮಾ, ಆಮಾ! ನಿರಯ ಪೋಡು!" ಧಾರಾಳವಾಗಿ ಹಾಕು ಎಂದು ಔದಾರ್ಯ ಮೆರೆದು ಬಸ್ಸಿಗೆ ಓಡಿದೆ.

ತಮಿಳರ ಬಾಯಲ್ಲಿ ಸೋಪ್ಪು ಎಂದರೆ ಸಾಬೂನು. ಇದು ನನಗೆ ಹನ್ನೆರಡು ವರ್ಷದಿಂದ ಗೊತ್ತು. ಆದರೆ ಗೊತ್ತಿರುವುದು ಬೇಕಾದ ಹೊತ್ತಿಗೆ ನೆನಪಾಗುವ ಪೈಕಿಯಲ್ಲ ನಾನು.

ಸಂಜೆ ಬಂದು ನೋಡಿದರೆ ಬಾವಿಯ ಸುತ್ತ ಸಾಕ್ಷಾತ್ ಕ್ಷೀರಸಾಗರ! ಬಟ್ಟೆ ಒಗೆಯುವ ಸಾಬೂನನ್ನು ನಾಗಮಣಿ ತುರಿಮಣೆಯಲ್ಲಿ ತುರಿದು ಉದುರಿಸಿದ್ದಳು. ಅದರ ಮೇಲೆ ಮಳೆ ಹೊಡೆದು ನೊರೆ ಮೊಣಕಾಲುದ್ದ ಎದ್ದಿತ್ತು. "ನೀಂಗದಾನೇ ಸೊನ್ನೀಂಗ!" ಎಂದು ಅವಳು ನನ್ನ ಮೇಲೇ ತಿರುಗಿದಳು. ಹೇಳಿದವನು ನಾನೇ ಆದ್ದರಿಂದ ತೆಪ್ಪಗೆ ನೊರೆ ಬಳಿದು, ಹೊಸ ಗೊಬ್ಬರ ಹಾಕಿ, ಬೇವಿನ ಸೊಪ್ಪು ಮುಚ್ಚಿದೆ.

ನಡೆದದ್ದನ್ನೆಲ್ಲ ಅನಸೂಯಳಿಗೆ ಬರೆದೆ. ನಾಲ್ಕೇ ದಿನದಲ್ಲಿ ಉತ್ತರ ಬಂತು, ಕಾರ್ಡಲ್ಲ, ಇನ್‌ಲೆಂಡ್ ಲೆಟರ್! ಅಂಚಿನಲ್ಲೂ ಬಿಡದೆ ಬೈದಿದ್ದಳು. "ತುರಿಮಣೆ ತೊಳೆಸಿದಿರಾ? ನಿಮ್ಮನ್ನು ನಂಬಿ ಬಂದೆನಲ್ಲ, ನನಗೆ ಬುದ್ಧಿ ಇಲ್ಲ!" ಓದುತ್ತಿದ್ದರೆ ಅವಳು ಅಡಿಗೆಮನೆಯಿಂದಲೇ ಕೂಗುತ್ತಿರುವ ಹಾಗಿತ್ತು. ಮೂರು ಸಲ ಓದಿದೆ. ಮೂರನೆಯ ಸಲ ಗಟ್ಟಿಯಾಗಿ ಓದಿದೆ. ಮನೆಯಲ್ಲಿ ಕನ್ನಡ ಕೇಳಿ ಬಹಳ ದಿನವಾಗಿತ್ತು, ನನ್ನ ದನಿಯಾದರೂ ಸರಿ ಅನ್ನಿಸಿತು.

ಆಗ ಹೊಳೆಯಿತು ಆ ದಿವ್ಯ ಉಪಾಯ. ಸಾಬೂನಿಗೇ ಇನ್‌ಲೆಂಡ್ ಬರುವುದಾದರೆ ಗಿಡದ ಸಾವಿಗೆ ಅವಳೇ ಬರಬೇಕಲ್ಲವೆ? ಗಿಡಗಳೇನೋ ಮೇಲುಗೊಬ್ಬರ ಉಂಡು ದಷ್ಟಪುಷ್ಟವಾಗಿ ಚಿಗುರುತ್ತಿದ್ದವು. ನಾನು ಬರೆದೆ: "ಗೊಬ್ಬರ ಮಳೆಗೆ ಕೊಚ್ಚಿಹೋಯಿತು. ಬೇರು ಬಯಲಾಗಿದೆ. ಎಲೆ ಕಪ್ಪಾಗಿದೆ. ಇನ್ನೊಂದು ವಾರ ಕಳೆದರೆ ಹೆಚ್ಚು. ಕಡೆಗೆ ಒಂದು ಸಲ ನೀನು ನೋಡಿದರೆ ಒಳ್ಳೆಯದು."

ನನಗೆ ಬೇಕಾಗಿದ್ದದ್ದು ಅವಳು ವಾಪಸು ಬರುವುದು, ಅಷ್ಟೆ. ಶನಿವಾರದ ಹೊತ್ತಿಗೆ ಮನೆ ಗುಡಿಸಿ, ಹೊಸ ಕಾಫಿಪುಡಿ ತಂದು, ಕ್ಷೌರ ಮಾಡಿಕೊಂಡು ಜಗಲಿಯಲ್ಲಿ ಕೂತೆ. ಮೂರು ಗಂಟೆಗೆ ಜಟಕಾ ಬಂದು ಬಾಗಿಲಲ್ಲೇ ನಿಂತಿತು. ಟ್ರಂಕು ಇಳಿಸಲು ಎದ್ದು ಓಡಿದೆ.

ಇಳಿದದ್ದು ಎರಡು ಬೀದಿಯಾಚೆಯ ಶಾರದಮ್ಮ, ಅನಸೂಯಳ ಸ್ನೇಹಿತೆ. ಕೈಯಲ್ಲಿ ಗುದ್ದಲಿ.

"ಎಲ್ರೀ ರಾಯರೇ ಪೇಷಂಟು? ಅನಸೂಯ ಎಕ್ಸ್‌ಪ್ರೆಸ್ ಲೆಟರ್ ಬರೆದಿದಾಳೆ. ಗಿಡಾನೆಲ್ಲ ಬೇರು ಸಮೇತ ಎತ್ಕೊಂಡು ಹೋಗಿ ನಮ್ಮನೇಲಿ ನೆಟ್ಟು ಉಳಿಸ್ಬೇಕಂತೆ. ಸೀಕ್ರಂ, ಬೇಗ ಆಗ್ಲಿ, ಜಟಕಾದವನು ಕಾಯ್ತಿದಾನೆ."

ಪಾತಿಯ ಹತ್ತಿರ ಹೋದವರೇ ಬೆರಗಾಗಿ ನಿಂತರು. "ಇದೇನ್ರೀ! ಗಿಡಕ್ಕೇನಾಗಿದೆ? ಗುಂಡುಕಲ್ಲಿನ ಹಾಗಿದಾವಲ್ರೀ!"

"ಇವತ್ತು... ಬೆಳಿಗ್ಗೆಯಿಂದ ಸ್ವಲ್ಪ ಚೇತರಿಸ್ಕೊಂಡಿವೆ."

"ಹಾಗಾದ್ರೆ ಇಲ್ಲೇ ಇರ್ಲಿ ಬಿಡಿ. ರಾಯರು ಬರೆದದ್ದೆಲ್ಲ ಸುಳ್ಳು, ಗಿಡ ಭೇಷಾಗಿದೆ ಅಂತ ಅವಳಿಗೆ ಬರೆದುಬಿಡ್ತೀನಿ."

"ಅಯ್ಯಯ್ಯೋ ಬೇಡಿ! ತಗೊಂಡ್ಹೋಗಿ ತಾಯೀ! ಇದು ಆರೋವಾಗ ದೀಪ ಉರಿದ ಹಾಗೆ ಅಷ್ಟೆ!"

ಮಾನ ಉಳಿಸಿಕೊಳ್ಳಲು ನಾನೇ ಎಂಟನ್ನೂ ಅಗೆದು, ಬೇರಿನ ಮಣ್ಣಿನ ಹೆಂಟೆ ಒಡೆಯದಂತೆ ಚೀಲ ಸುತ್ತಿ, ಜಟಕಾದಲ್ಲಿ ಕೂರಿಸಿ, ಅವಕ್ಕೆ ಕೊಡೆ ಹಿಡಿದೆ. ನಾನು ಪೂರ್ತಿ ನೆನೆದೆ. ಶಾರದಮ್ಮ ಗುಂಡಿಯಲ್ಲಿ ಉಳಿದಿದ್ದ ಗೊಬ್ಬರವನ್ನೂ ಬುಟ್ಟಿಗೆ ತುಂಬಿಸಿಕೊಂಡರು. ಜಟಕಾ ತಿರುವಿನಲ್ಲಿ ಮರೆಯಾದ ಮೇಲೆ ಹಿತ್ತಲಿಗೆ ಬಂದು ನೋಡಿದರೆ, ಎಂಟು ಗುಂಡಿಯಲ್ಲೂ ನೀರು ನಿಂತಿತ್ತು. ಅಳು ಬಂತು. ಗಿಡಗಳಾದರೂ ಜೊತೆಗಿದ್ದವಲ್ಲ, ಅವನ್ನೂ ಕಳೆದುಕೊಂಡೆ.

ಮುಂದಿನ ವಾರ ಅನಸೂಯಳ ಉತ್ತರ ಬಂತು. ಮತ್ತೆ ಕಾರ್ಡೇ.

"ಗಿಡಗಳು ಶಾರದಮ್ಮನವರ ಮನೆಯಲ್ಲಿ ನಳನಳಿಸುತ್ತಿವೆಯಂತೆ. ದೊಡ್ಡ ಚಿಂತೆ ಕಳೆಯಿತು. ಇನ್ನು ಅಲ್ಲಿ ನಾನೇ ಬಂದು ನೋಡಿಕೊಳ್ಳಬೇಕಾದವರು ಯಾರೂ ಇಲ್ಲವಾದ್ದರಿಂದ ಯುಗಾದಿ ಕಳೆದೇ ಬರುತ್ತೇನೆ."

ಕಾರ್ಡನ್ನು ಹಿಂದುಮುಂದು ತಿರುಗಿಸಿ ನೋಡಿದೆ. ವಿಳಾಸ ನನ್ನದೇ ಇತ್ತು.