ಶೇಟರ ಕಳ್ಳಗಂಟೆ

ಹುಮನಾಬಾದಿನ ಬಟ್ಟೆ ವ್ಯಾಪಾರಿ ತುಳಜಾರಾಮಶೇಟರು ಸ್ವಂತ ರೊಕ್ಕ ಕೊಟ್ಟು ಸ್ವಂತ ವೈರಿಯೊಬ್ಬನನ್ನು ತಂದು ಮನೆಯ ಗೋಡೆಗೆ ಮೊಳೆ ಹೊಡೆದು ಕೂರಿಸಿಕೊಂಡಿದ್ದರು. ಇಂಥ ಕೆಲಸ ಬುದ್ಧಿವಂತರಿಂದ ಮಾತ್ರ ಸಾಧ್ಯ.

ವೈರಿಯ ಹೆಸರು ಕಳ್ಳಗಂಟೆ. ಹಿಂದಿನ ಓಣಿಯಲ್ಲಿ ತಾಮ್ರದ ಹಂಡೆ ಕಳುವಾದಾಗ ಊರಿಗೆಲ್ಲ ಹೆದರಿಕೆ ಬಂತು, ಶೇಟರಿಗೆ ಐಡಿಯಾ ಬಂತು. ಬಸವಕಲ್ಯಾಣದಿಂದ ರೇಡಿಯೋ ರಿಪೇರಿ ಬದ್ರುದ್ದೀನನನ್ನು ಕರೆಸಿ ಉಗ್ರಾಣದ ಬಾಗಿಲ ಪಕ್ಕದ ಗೋಡೆಗೆ ಒಂದು ಡಬ್ಬಿ ಹಚ್ಚಿಸಿದರು. ಒಳಗೆ ಎರಡು ಸೆಲ್ಲು. ಮುಚ್ಚಿದ ಬಾಗಿಲು ಸರಿದರೆ ಸಾಕು, ಗಂಟೆ ಓಣಿಯನ್ನೇ ಎಬ್ಬಿಸುತ್ತಿತ್ತು. "ಇನ್ನ ಕಳ್ಳ ಬರ್ಲಿ, ನೋಡ್ತೀನಿ!" ಎಂದು ಶೇಟರು ಕಂಡಕಂಡವರ ಮುಂದೆ ಮೀಸೆ ತಿರುವಿದರು. (ಕಳ್ಳ ಬರಲಿಲ್ಲ. ಕರೆಯದೆ ಹೋಗಬಹುದು, ಇಷ್ಟೊಂದು ಕರೆದರೆ ಯಾವ ಕಳ್ಳನಿಗೂ ಸಂಕೋಚವೇ.)

ಬಂದದ್ದು ಸಕ್ಕರೆ ಕಾಯಿಲೆ. "ಹಳ್ಳಿಖೇಡ ಕಾರ್ಖಾನಿಗಿಂತ ನಿಮ್ಮ ಮೈಯಾಗ ಸಕ್ಕರಿ ಜಾಸ್ತಿ ಅದ್ರಿ, ಶೇಟ್ರ" ಎಂದು ಡಾಕ್ಟರು ಅಂದದ್ದೇ ತಡ, ಹೆಂಡತಿ ಸುಮನಬಾಯಿ ಬೇಸನ್ ಉಂಡಿಯ ಡಬ್ಬವನ್ನು ಉಗ್ರಾಣಕ್ಕೆ ಸಾಗಿಸಿ ರಾಜಾಜ್ಞೆ ಹೊರಡಿಸಿದರು. ಬೆಳಿಗ್ಗೆ ಸಕ್ಕರೆ ಹಾಕಿದ ಚಹಾ ಒಂದು ಕಪ್, ಅಷ್ಟೇ.

"ಉಂಡಿಗಿ ಕೈ ಹಚ್ಚಿದ್ದು ಕಂಡ್ರ ಆ ಚಹಾನೂ ಬಂದ್, ನೋಡ್ರಿ ಮತ್ತ!"

ಸುಮನಬಾಯಿಯ ಪ್ರಕಾರ ಬಿಸಿಲಿಗಿಟ್ಟರೆ ಸರಿಹೋಗದ ವಸ್ತು ಈ ಭೂಮಂಡಲದಲ್ಲಿಲ್ಲ. ಹುಳ ಬಿದ್ದ ಬೇಳೆ, ಮುಗ್ಗಿದ ಗಾದಿ, ತೇವ ಹಿಡಿದ ಕಡ್ಡಿಪೆಟ್ಟಿಗೆ, ಎಲ್ಲಕ್ಕೂ ಮಾಳಿಗೆಯೇ ದವಾಖಾನೆ. ಆಕೆ ಸಂಡಿಗೆ ತಿರುವಲು ಮಾಳಿಗೆ ಹತ್ತಿದ್ದ ಒಂದು ಮಧ್ಯಾಹ್ನ, ಶೇಟರು ಗಂಟೆಯ ಡಬ್ಬಿ ಬಿಚ್ಚಿ ಒಳ್ಳೆಯ ಸೆಲ್ಲು ತೆಗೆದು ರೇಡಿಯೋಕ್ಕೆ ಹಾಕಿದರು. ಟಾರ್ಚಿನಲ್ಲಿ ಎಂದೋ ಸತ್ತಿದ್ದ ಎರಡನ್ನು ಅಲ್ಲಿ ಪ್ರತಿಷ್ಠಾಪಿಸಿದರು. ಬಾಗಿಲು ಸರಿಸಿದರೆ ಗಂಟೆಗೆ ಮೌನವ್ರತ.

ಮರುದಿನವೇ ಸುಮನಬಾಯಿ ಕೇಳಿದರು, "ಗಂಟಿ ಯಾಕ ಬಡ್ಯಾಕತ್ತಿಲ್ರಿ?"

"ಸೆಲ್ಲು ಇಳದಾವ. ನಾಳಿ ಹೊಸಾವು ತರ್ತೀನಿ."

ಆ ನಾಳೆ ಎಂಬುದು ಬಹಳ ಉದ್ದವಾಯಿತು. ಒಂದು ದಿನ ಸೆಲ್ಲಿನ ಅಂಗಡಿ ಬಂದ್. ಇನ್ನೊಂದು ದಿನ ಹೈದರಾಬಾದಿನಿಂದ ಮಾಲು ಬಂದಿಲ್ಲ. ಮತ್ತೊಂದು ದಿನ ಅಂಗಡಿಯ ಭೀಮಶಾನ ಹತ್ತಿರದವರು ತೀರಿಕೊಂಡಿದ್ದರು (ಪಾಪ, ಭೀಮಶಾನಿಗೇ ಗೊತ್ತಿರಲಿಲ್ಲ). ದಿನಾ ಊಟವಾದ ಮೇಲೆ ಹೆಂಡತಿ ಮಾಳಿಗೆಗೆ, ಗಂಡ ಉಗ್ರಾಣಕ್ಕೆ. ಸಂಸಾರದಲ್ಲಿ ಇಷ್ಟು ಸುಖವಿದೆಯೆಂದು ಶೇಟರಿಗೆ ಮದುವೆಯಾದ ಮೇಲೆ ಮೊದಲ ಸಲ ಅನ್ನಿಸಿತು.

ಹೀಗೇ ಒಂದು ಮಧ್ಯಾಹ್ನ, ತೆರೆದೇ ಇದ್ದ ಬಾಗಿಲಿನಿಂದ ಮೆಲ್ಲಗೆ ಒಳಹೊಕ್ಕು, ಅದನ್ನು ಸದ್ದಿಲ್ಲದೆ ಮುಚ್ಚಿಕೊಂಡು, ಒಂದು ಉಂಡಿ ಬಾಯಿಗೆ, ಎರಡು ಕೈಗೆ ತೆಗೆದುಕೊಂಡು ಹೊರಬರಲು ಬಾಗಿಲು ಸರಿಸಿದರು. ಡಬ್ಬಿ ಕೆಮ್ಮಿತು. ಆಮೇಲೆ "ಟಿರ್ರ್ರ್" ಎಂದು ಶುರುವಾದದ್ದು ನಿಲ್ಲಲೇ ಇಲ್ಲ.

ಪಕ್ಕದ ಮನೆಯ ಸರ್ದಾರಬಿ ಒನಕೆ ಹಿಡಿದು ಓಡಿ ಬಂದರು. "ಯಾ ಅಲ್ಲಾ! ಎಲ್ಲಿ ಅದಾನ್ರಿ ಕಳ್ಳ?"

ಮಾಳಿಗೆಯಿಂದ ಇಳಿದ ಸುಮನಬಾಯಿ ಶಾಂತವಾಗಿ ಹೇಳಿದರು, "ಇಲ್ಲೇ ನಿಂತಾರ ನೋಡ್ರಿ. ಒನಕಿ ಕೆಳಗಿಡ್ರಿ, ನಮ್ಮ ಮನಿಯವ್ರು."

"ಸೆ... ಸೆಲ್ಲು ನೋಡಾಕತ್ತಿದ್ದೆ" ಎಂದರು ಶೇಟರು. ಮಾತಿಗಿಂತ ಹೆಚ್ಚು ಬೇಸನ್ ಹೊರಬಂತು.

"ಬಾಯಾಗ ಇಟ್ಕೊಂಡು ನೋಡ್ತಾರೇನ್ರಿ?"

ಶೇಟರು ಕಷ್ಟಪಟ್ಟು ನುಂಗಿದರು. "ಅಲ್ಲ, ಸತ್ತ ಸೆಲ್ಲು ಹ್ಯಾಂಗ ಬಡೀತು?"

"ನಿಮ್ಮ ನಾಳಿ ಕಾದು ಸಾಕಾತು. ಮುಂಜಾನಿಂದ ಸಂಡಿಗಿ ಸಂಗಾಟ ಬಿಸಲಿಗಿಟ್ಟು, ನೀವು ಉಂಡು ಕೈ ತೊಳಿಯಾಕ ಹೋದಾಗ ಹಾಕಿ, ಬಾಗಿಲಾ ತೆರದಿಟ್ಟಿದ್ದೆ. ನಡೀರಿ, ಈಗಿಂದೀಗ ಹೊಸಾ ಸೆಲ್ಲು ತರ್ರಿ."

"ಇಂಥಾ ಸುಡು ಬಿಸಲಾಗ?"

"ಹೌದ್ರಿ. ಸತ್ತ ಸೆಲ್ಲಿಗೇ ಜೀವ ಬಂತು, ನಿಮ್ಮ ಬುದ್ಧಿಗೂ ಬರ್ತದ."

ಸರ್ದಾರಬಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಶೇಟರು ತಲೆಗೆ ಟವೆಲು ಸುತ್ತಿಕೊಂಡು ಭೀಮಶಾನ ಅಂಗಡಿಗೆ ನಡೆದರು. ಸಂಜೆ, ಅಕ್ಕಪಕ್ಕದವರ ಸಮಕ್ಷಮ, ಹೊಸ ಸೆಲ್ಲನ್ನು ತಮ್ಮ ಕೈಯಾರೆ ಹಾಕಿದರು. ಗಂಟೆ ಬಡಿದ ರಭಸಕ್ಕೆ ಎಲ್ಲರೂ ಭೇಷ್ ಎಂದರು, ಸುಮನಬಾಯಿ ಎಲ್ಲರಿಗೂ ಚಹಾ ಕೊಟ್ಟರು.

ಶೇಟರು ಆಸೆಯಿಂದ ತಮ್ಮ ಕಪ್ಪಿಗೆ ತುಟಿ ಹಚ್ಚಿದರು. ಸಪ್ಪೆ. ಸಕ್ಕರೆ ಡಬ್ಬ ಎಲ್ಲಿ ಎಂದು ಅಡುಗೆಮನೆಯತ್ತ ಕಣ್ಣು ಹಾಯಿಸಿದರು. ಅದೂ ಉಗ್ರಾಣಕ್ಕೆ ಹೋಗಿ ಕೂತಿತ್ತು.