ಪುಟ್ಟಿಯಲ್ಲಿ ಮಲಗಿದ ನಲವತ್ತೊಂದು ರೋಗಿಗಳು

ಔರಾದ ತಾಲೂಕಿನ ನಮ್ಮ ಊರಿನಲ್ಲಿ, ಒಂದೇ ಮನೆಯೊಳಗೆ, ನಲವತ್ತೊಂದು ಮಂದಿಗೆ ಪಾರ್ಶ್ವವಾಯು ಬಡಿದಿರುವುದನ್ನು ಸರ್ಕಾರದ ಕೃತಕ ಬುದ್ಧಿಮತ್ತೆಯ ಯಂತ್ರ ಪತ್ತೆಹಚ್ಚಿತು. ರೋಗಿಗಳಿಗೆ ಮಾತ್ರ ಇದು ಗೊತ್ತಿರಲಿಲ್ಲ. ಅವರು ಹೈದರಾಬಾದಿನಲ್ಲಿ ಇಟ್ಟಿಗೆ ಹೊರುತ್ತಿದ್ದರು.

ಬರದ ವರ್ಷ ಊರು ಬಿಡುವವರು ರೇಷನ್ ಕಾರ್ಡಿಗೆ ಜೋಡಿಸಿದ ಫೋನನ್ನು ಕೇಶರಬಾಯಿಯ ಹತ್ತಿರ ಬಿಟ್ಟು ಹೋಗುತ್ತಾರೆ. ಓಟಿಪಿ ಬಂದಾಗ ಆಕೆ ರೇಷನ್ ಅಂಗಡಿಯಲ್ಲಿ ಹೇಳಿ, ಮನೆಯಲ್ಲುಳಿದ ಮುದುಕರಿಗೆ ಅಕ್ಕಿ ಕೊಡಿಸುತ್ತಾಳೆ. ಫೋನುಗಳೆಲ್ಲ ಒಂದು ಬಿದಿರಿನ ಪುಟ್ಟಿಯಲ್ಲಿರುತ್ತವೆ. ಫೋನು ಎಲ್ಲಿದೆಯೋ ಮನುಷ್ಯ ಅಲ್ಲಿದ್ದಾನೆ ಎಂಬುದು ಯಂತ್ರದ ಒಂದನೇ ನಿಯಮ. ಮೂರು ತಿಂಗಳು ಅಲುಗಾಡದವನಿಗೆ ಪಾರ್ಶ್ವವಾಯು ಎಂಬುದು ಎರಡನೆಯದು. ಕಣ್ಣಿಗೆ ಕಂಡದ್ದು ಯಂತ್ರ ಹೇಳಿದ್ದಕ್ಕೆ ಹೊಂದದಿದ್ದರೆ ಸಿಬ್ಬಂದಿ ಕಣ್ಣು ತಪಾಸಣೆ ಮಾಡಿಸಿಕೊಳ್ಳತಕ್ಕದ್ದು ಎಂಬುದು ಮೂರನೆಯದು.

ಬೀದರ, ಭಾಲ್ಕಿ, ಔರಾದಿನಲ್ಲಿದ್ದ ಅಷ್ಟೂ ಅಂಬುಲೆನ್ಸುಗಳು ಬೆಳಗ್ಗೆ ಒಂಬತ್ತಕ್ಕೆ ಬಂದು ಸಾಲಾಗಿ ನಿಂತವು. ನಸುಕಿನಿಂದ ಕೇಶರಬಾಯಿಯ ಸೊಸೆ ಸುಭದ್ರಾಗೆ ಹೆರಿಗೆ ನೋವು. ಎರಡು ಸಲ ಫೋನು ಮಾಡಿದ್ದರೂ ಗಾಡಿ ಬಂದಿರಲಿಲ್ಲ. ಈಗ ಇಷ್ಟು ಗಾಡಿ ಕಂಡು, ಒಬ್ಬಳಿಗೆ ಇಷ್ಟ್ಯಾಕೆ ಎಂದು ಕೇಶರಬಾಯಿಗೆ ನಾಚಿಕೆಯಾಯಿತು.

ಗಾಡಿಗಳ ಜೊತೆ ಬಂದಿದ್ದ ಮೇಲ್ವಿಚಾರಕ ವೈಜಿನಾಥ ಕೈಯಲ್ಲಿದ್ದ ಪರದೆ ನೋಡಿದರು. "ನಿಮ್ಮ ಸೊಸಿ ಬೀದರದಾಗ ಗಾಂಧಿ ಗಂಜದಾಗ ಅಡ್ಡಾಡ್ಲಿಕತ್ತಾಳ್ರಿ ಬಾಯಿ. ಆರಾಮ ಅದಾಳ."

ಸುಭದ್ರಾಳ ಫೋನು ಗಂಡ ಮಾಣಿಕನ ಕಿಸೆಯಲ್ಲಿತ್ತು. ಅವನು ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲಿ. ತುಂಬು ಬಸುರಿಯೊಬ್ಬಳು ದಿನಕ್ಕೆ ಇಪ್ಪತ್ತೆರಡು ಸಾವಿರ ಹೆಜ್ಜೆ ಹಾಕುವುದನ್ನು ಮೆಚ್ಚಿ, ಯಂತ್ರ ಅವಳನ್ನು ಜಿಲ್ಲೆಯ ಮಾದರಿ ಗರ್ಭಿಣಿ ಎಂದು ಘೋಷಿಸಿತ್ತು.

"ಹಂಗಾದ್ರ ಒಳಗ ಚೀರ್ಲಿಕತ್ತಾಕಿ ಯಾರ್ರಿ ಸಾಬ?"

"ದಾಖಲಿದಾಗ ಇಲ್ರಿ."

ಸಿಬ್ಬಂದಿ ಫೋನುಗಳನ್ನು ಒಂದೊಂದಾಗಿ ಸ್ಟ್ರೆಚರಿನ ಮೇಲೆ ಮಲಗಿಸಿ ಚಾದರ ಹೊದಿಸಿದರು. ಸಿಸ್ಟರ್ ಹಮೀದುನ್ನಿಸಾ ಚಾರ್ಜು ನೋಡಿ ನಾಡಿ ಬರೆದುಕೊಂಡರು. ಆಮೇಲೆ ಒಳಗೆ ಹೋಗಿ ಬಂದು, ಕೂಸು ಅಡ್ಡ ತಿರುಗಿದೆ, ಬೇಗ ಬೀದರ ಮುಟ್ಟಿಸದಿದ್ದರೆ ಎರಡೂ ಜೀವ ಉಳಿಯುವುದಿಲ್ಲ ಎಂದರು. ದಾಖಲೆಯಲ್ಲಿಲ್ಲದ ಜೀವ ಹೋದರೆ ಯಾವ ಅರ್ಜಿ ನಮೂನೆ ತುಂಬಬೇಕೆಂದು ವೈಜಿನಾಥ ಪರದೆಯಲ್ಲಿ ಹುಡುಕತೊಡಗಿದರು.

ಪುಟ್ಟಿಯಲ್ಲಿ ಒಂದು ಫೋನು ಉಳಿದಿತ್ತು, ಹೈದರಾಬಾದಿಗೆ ಹೋಗಿದ್ದ ಖಾಜಾ ಮಿಯಾ ಅವರದು. ಕೇಶರಬಾಯಿ ಅದನ್ನು ತೆಗೆದುಕೊಂಡು ಹೋಗಿ ಸೊಸೆಯ ಮುಷ್ಟಿಯಲ್ಲಿಟ್ಟಳು.

"ತಗೋರಿ ಸಾಬ, ಇಕಿ ಈಗ ಖಾಜಾ ಮಿಯಾ. ಎತ್ರಿ."

ವೈಜಿನಾಥ ಪರದೆ ನೋಡಿ ಹಗುರಾದರು. "ಖಾಜಾ ಮಿಯಾ, ಗಂಡಸು, ವಯಸ್ಸು ಅರವತ್ತೆರಡು. ಸರಿ ಅದರಿ. ಕೈಕಾಲು ಆಡಿಸಬ್ಯಾಡ ಅಂತ ಹೇಳ್ರಿ."

ಸುಭದ್ರಾ ಹಲ್ಲು ಕಚ್ಚಿಕೊಂಡು, ಬೀದರದವರೆಗೆ ಬೆರಳೂ ಅಲುಗಿಸದೆ ಮಲಗಿದಳು. ಪಾರ್ಶ್ವವಾಯು ಪೀಡಿತ ಖಾಜಾ ಮಿಯಾ ಅವರಿಗೆ ಶಸ್ತ್ರಚಿಕಿತ್ಸೆಯ ಮೂಲಕ ಹೆಣ್ಣು ಮಗುವಾಗಿದ್ದು ತಾಯಿ ಮಗು ಕ್ಷೇಮ ಎಂದು ವರದಿಯಾಯಿತು. ಉಳಿದ ನಲವತ್ತು ರೋಗಿಗಳಿಗೆ ವಾರ್ಡಿನಲ್ಲಿ ತಲಾ ಒಂದು ಮಂಚ ಸಿಕ್ಕಿತು. ರೇಷನ್ ಓಟಿಪಿ ಬಂದ ದಿನ ಎಲ್ಲರೂ ಮಂಚದ ಮೇಲೆ ಗುರ್ ಎಂದು ನಡುಗಿದ್ದರಿಂದ, ಗುಣಮುಖರೆಂದು ಮನೆಗೆ ಕಳಿಸಲಾಯಿತು.

ದಾಖಲೆಯಲ್ಲಿ ಎರಡನೆಯ ನಂಬರಾಗಿದ್ದ ಇಟ್ಟಿಗೆ ಭಟ್ಟಿಯ ಮೇಸ್ತ್ರಿಯ ಫೋನಿಗೆ ಕರೆ ಮಾಡಿ, ಆರು ವಾರ ಭಾರ ಎತ್ತಬಾರದು, ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಕೊಡಬಾರದು ಎಂದು ಯಂತ್ರ ಖಾಜಾ ಮಿಯಾಗೆ ತಿಳಿಸಿತು. ಅವರು ಜೀ ಎಂದರು. ಜನನ ಪತ್ರದಲ್ಲಿ ತಂದೆ ಮಾಣಿಕ, ತಾಯಿ ಖಾಜಾ ಮಿಯಾ ಎಂದು ಬಂತು. ತಿದ್ದಿಸಲು ಹೋದ ಮಾಣಿಕನಿಗೆ, ತಾಯಿಯ ಹೆಬ್ಬೆಟ್ಟು ಬೇಕೆಂದು ಗುಮಾಸ್ತರು ತಿಳಿಹೇಳಿದರು. ಖಾಜಾ ಮಿಯಾ ಬಂದು ಹೆಬ್ಬೆಟ್ಟು ಒತ್ತಿದರು. ಆ ಹೆಬ್ಬೆಟ್ಟು ತಾಯಿಯ ದಾಖಲೆಗೆ ಸರಿಯಾಗಿ ಹೊಂದಿದ್ದರಿಂದ, ಪತ್ರ ನಿಜವೆಂದು ಖಚಿತವಾಯಿತು.

ಈಗ ಲಸಿಕೆಯ ದಿನ ಅವರು ಇಟ್ಟಿಗೆ ಭಟ್ಟಿಗೆ ರಜೆ ಹಾಕಿ ಬಸ್ಸಿನಲ್ಲಿ ಬರುತ್ತಾರೆ. ಸುಭದ್ರಾ ಕೂಸನ್ನೆತ್ತಿಕೊಂಡು ಹಿಂದೆ ನಿಲ್ಲುತ್ತಾಳೆ. ಸೂಜಿ ಚುಚ್ಚಿದ ಮೇಲೆ ಸಿಸ್ಟರ್, ತಾಯಿಯ ಕೈಗೆ ಕೊಡಿ ಎನ್ನುತ್ತಾರೆ. ಖಾಜಾ ಮಿಯಾ ಎತ್ತಿಕೊಂಡು ಬೆನ್ನು ತಟ್ಟುತ್ತಾರೆ. ಅವರ ಕೈಯಲ್ಲೇ ಕೂಸು ಬೇಗ ಸುಮ್ಮನಾಗುತ್ತದೆ.